206 ಬಂತಾ? ಪಾಸ್, ಮುಂದೆ ಹೋಗ್ರಿ!

ಎಸ್ಸೆಸ್ಸೆಲ್ಸಿ ಪಾಸಾಗಲು ಶೇ 35 ಅಂಕ ಬೇಕಿತ್ತು, ಈಗ ಶೇ 33 ಸಾಕು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಇದನ್ನು ಹೇಳಿದಾಗ ಹುಬ್ಬಳ್ಳಿಯಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಹೊಡೀಬೇಕಿತ್ತು. ಒಂದು ಪಾಠ ಜಾಸ್ತಿ ಹೇಳದೆ, ಒಬ್ಬ ಮಾಸ್ತರನ್ನೂ ಹೊಸದಾಗಿ ತಗೊಳ್ಳದೆ, ಬರೀ ಒಂದು ಆದೇಶದಿಂದ ಮಕ್ಕಳನ್ನು ಜಾಣರನ್ನಾಗಿ ಮಾಡುವುದು ಸಣ್ಣ ವಿದ್ಯೆಯಲ್ಲ.

ಪ್ರತಿ ವಿಷಯದಲ್ಲಿ ಶೇ 30 ಇದ್ದು, ಒಟ್ಟು 625ಕ್ಕೆ 206 ತೆಗೆದರೆ ಪಾಸಂತೆ. ಸುಮ್ನೆ ಮೊಬೈಲಿನಲ್ಲಿ ಭಾಗಿಸಿ ನೋಡಿ. 32.96 ಬರುತ್ತದೆ. ಪೂರ್ತಿ 33 ಆಗಬೇಕಾದರೆ 206.25 ಬೇಕು. ಆ ಕಾಲು ಅಂಕ ಸರ್ಕಾರದ ಪ್ರೀತಿ. 2024ರಲ್ಲಿ ಶೇ 20ರಷ್ಟು ಕೃಪಾಂಕ ಕೊಟ್ಟು ಬೈಸಿಕೊಂಡವರು ಈಗ ಕಾಲು ಅಂಕಕ್ಕೆ ಇಳಿದಿದ್ದಾರೆ. ಮಿತವ್ಯಯ ಅಂದರೆ ಇದು, ಅಲ್ವಾ?

ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದದ್ದೂ ಅದೇ 2024ರಲ್ಲಿ. ಫಲಿತಾಂಶ ಶೇ 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕ ಸುರಿದ ಮೇಲೆ. ಕೊಠಡಿಗೆ ಕ್ಯಾಮೆರಾ ಬಂತು. ಪ್ರಯೋಗಾಲಯಕ್ಕೆ ಬಲ್ಬ್ ಬರಲಿಲ್ಲ.

ಪ್ರಯೋಗಾಲಯ ಅಂದಾಗ ನೆನಪಾಯಿತು. ನಮ್ಮ ಕಡೆಯ ಒಂದು ಶಾಲೆಯದನ್ನು ನೋಡಿದ್ದೇನೆ. ಕಪಾಟಿಗೆ ಬೀಗ. ಕೀಲಿ ಹೆಡ್‌ಮಾಸ್ತರ ಕಿಸೆಯಲ್ಲಿ. ಹೆಡ್‌ಮಾಸ್ತರು ಮೀಟಿಂಗಿನಲ್ಲಿ. ಹೊರಗೆ ಉಳಿದ ಬೀಕರಿನೊಳಗೆ ಚಾಕ್‌ಪೀಸ್ ತುಂಡು, ಸುತಳಿ, ರೀಫಿಲ್ ಮುಗಿದ ಪೆನ್ನು. ನಿಮ್ನ ದರ್ಪಣ ಸ್ಟಾಫ್ ರೂಮಿಗೆ ವರ್ಗವಾಗಿದೆ. ಅದರಲ್ಲಿ ಮುಖ ದೊಡ್ಡದಾಗಿ ಕಾಣುತ್ತದಲ್ಲ, ಮೀಸೆ ತಿದ್ದಲು ಅನುಕೂಲ. ಇಡೀ ಶಾಲೆಯಲ್ಲಿ ಬೆಳಕಿನ ಪಾಠ ಉಪಯೋಗಕ್ಕೆ ಬಂದದ್ದು ಅಲ್ಲೊಂದೇ ಕಡೆ. ಹುಡುಗರ ರೆಕಾರ್ಡ್ ಮಾತ್ರ ಬಹಳ ನೀಟು. ನೀಲಿ ಲಿಟ್ಮಸ್ ಕೆಂಪಾಯಿತು ಅಂತ ಎಲ್ಲರೂ ಬರೆದಿದ್ದಾರೆ.

"ನೀ ನೋಡೀಯೇನೋ?" ಅಂತ ಒಬ್ಬನನ್ನು ಕೇಳಿದೆ.

"ಇಲ್ರಿ ಸರ, ಬೋರ್ಡಿನ ಮ್ಯಾಲೆ ಬರದಿದ್ರು" ಅಂದ.

ಆಂತರಿಕ ಅಂಕ 20ಕ್ಕೆ 19. ಆ ಒಂದು ಯಾವ ತಪ್ಪಿಗೆ ಹೋಯಿತೋ ಪಾಪ.

ಗಣಿತದ ಟೀಚರ್ ಎಲ್ಲಿ ಅಂತ ಕೇಳಬೇಡಿ. 2025ರ ದಸರಾಕ್ಕೆ ಅವರು ಸರ್ಕಾರದ ಜಾತಿ ಸಮೀಕ್ಷೆಯಲ್ಲಿದ್ದರು. ಮನೆಮನೆಯ ಕರೆಂಟ್ ಮೀಟರ್ ಹುಡುಕುತ್ತ, ನೆಟ್‌ವರ್ಕ್ ಸಿಗಲಿ ಅಂತ ಮಾಳಿಗೆ ಹತ್ತುತ್ತ. ಅದು ಮುಗಿಯದೆ ಶಾಲೆಯ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಮುಂದೆ ಜನಗಣತಿ, ಅದರ ಹಿಂದೆ ಚುನಾವಣೆ. ನಡುವೆ ಸಮಯ ಸಿಕ್ಕರೆ ತ್ರಿಕೋನಮಿತಿ.

ನಮಗೇನು ಕಮ್ಮಿ? 2023ರ ಮಾರ್ಚ್ 12ರಂದು ಒಂದೇ ದಿನ ಧಾರವಾಡದ ಐಐಟಿ ಕ್ಯಾಂಪಸ್ಸೂ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮೂ ಉದ್ಘಾಟನೆಯಾದವು. ಪ್ಲಾಟ್‌ಫಾರ್ಮನ್ನಾದರೂ ನಮ್ಮ ಹುಡುಗರು ಬಳಸುತ್ತಾರೆ, ಬೆಂಗಳೂರಿನ ರೈಲು ಹಿಡಿಯಲು.

ನಗು ಸಾಕು. ಧಾರವಾಡದಲ್ಲಿ ಕೋಚಿಂಗ್ ಸೆಂಟರುಗಳಿರುವ ಸಪ್ತಾಪುರಕ್ಕೆ ಹೋಗಿ ನೋಡಿ. ಬಿಎಸ್ಸಿ, ಬಿಎಡ್ ಮುಗಿಸಿದ ಹುಡುಗ ಹುಡುಗಿಯರು ಬಾಡಿಗೆ ರೂಮು, ಮೆಸ್ಸಿನ ಊಟ, ಲೈಬ್ರರಿಯ ಕುರ್ಚಿ ಅಂತ ವರ್ಷಗಟ್ಟಲೆ ಕೂತಿದ್ದಾರೆ, ನೇಮಕಾತಿ ಯಾವಾಗ ಕರೀತಾರೆ ಅಂತ. ಅತ್ತ ಶಾಲೆಯಲ್ಲಿ ಗಣಿತಕ್ಕೆ ಜನ ಇಲ್ಲ. ಇತ್ತ ಗಣಿತ ಓದಿದವರಿಗೆ ಶಾಲೆ ಇಲ್ಲ. ಇವೆರಡನ್ನು ಕೂಡಿಸಲು ಯಾವ ಸೂತ್ರ ಬೇಕ್ರಿ? ಅಂಕ ಇಳಿಸಲು ಒಂದು ಸುದ್ದಿಗೋಷ್ಠಿ ಸಾಕಾಯಿತು. ಹುದ್ದೆ ತುಂಬಲು ಮಾತ್ರ ಕಡತ, ಟಿಪ್ಪಣಿ, ಹಣಕಾಸು ಇಲಾಖೆ. ಅಷ್ಟರಲ್ಲಿ ಇವರ ವಯಸ್ಸು ಮೀರುತ್ತದೆ. ಆಮೇಲೆ ಅತಿಥಿ ಶಿಕ್ಷಕರಾಗಿ ಬನ್ನಿ ಅಂತ ಕರೆಯುತ್ತಾರೆ. ಅದೂ ಶಾಲೆ ಶುರುವಾಗುವ ಹೊತ್ತಿಗಲ್ಲ, ಪಾಠ ಅರ್ಧ ಮುಗಿದಿರಬೇಕಾದ ಹೊತ್ತಿಗೆ.