ಮೂರು ನಿಮಿಷದ ಸೋಮಾರಿಗಳು

ಬ್ಯಾಂಕಿನ ಆ್ಯಪ್ ಮೊನ್ನೆ ಒಂದೇ ಸಂಜೆಯಲ್ಲಿ ನಾಲ್ಕನೆಯ ಸಲ ನನ್ನನ್ನು ಹೊರಗೆ ಹಾಕಿತು. ಕಾರಣವನ್ನು ಮಾತ್ರ ಬಹಳ ಮರ್ಯಾದೆಯಿಂದ ತಿಳಿಸಿತ್ತು: ‘ನಿಷ್ಕ್ರಿಯತೆಯ ಕಾರಣ, ನಿಮ್ಮದೇ ಸುರಕ್ಷತೆಗಾಗಿ ಲಾಗ್‌ಔಟ್ ಮಾಡಲಾಗಿದೆ.’ ಆ ಮೂರು ನಿಮಿಷಗಳಲ್ಲಿ ಈ ನಿಷ್ಕ್ರಿಯ ಮನುಷ್ಯನು ದೇವರ ಕೋಣೆಯಲ್ಲಿ ಬಿಟ್ಟಿದ್ದ ಕನ್ನಡಕವನ್ನು ತಂದು, ಊರಿನಲ್ಲಿರುವ ಅಕ್ಕನ ಪಾಸ್‌ಬುಕ್ಕನ್ನು ಬೆಳಕಿಗೆ ಹಿಡಿದು, 11 ಅಕ್ಷರಗಳ ಐಎಫ್‌ಎಸ್‌ಸಿ ಕೋಡಿನಲ್ಲಿ ಐದನೆಯದು ಸೊನ್ನೆಯೋ ಇಂಗ್ಲಿಷಿನ ‘ಓ’ಯೋ ಎಂದು ತಲೆ ಕೆಡಿಸಿಕೊಂಡಿದ್ದನು. ಅದು ಯಾವಾಗಲೂ ಸೊನ್ನೆಯೇ. ಹಾಗೆಂದು ಹೇಳುವ ಪುಣ್ಯಾತ್ಮರು ಆ್ಯಪ್‌ನೊಳಗೆ ಇಲ್ಲ.

ಇದರ ಹಿಂದಿನ ವಿದ್ಯೆ ಸರಳವಾದದ್ದು. ಬೆರಳು ಪರದೆಗೆ ತಾಗಿದಾಗಲೆಲ್ಲ ಆಂಡ್ರಾಯ್ಡ್ ಆ ಸುದ್ದಿಯನ್ನು ಆ್ಯಪ್‌ಗೆ ಮುಟ್ಟಿಸುತ್ತದೆ, ಆ್ಯಪ್ ತನ್ನ ಎಣಿಕೆಯನ್ನು ಮೊದಲಿನಿಂದ ಶುರುಮಾಡುತ್ತದೆ. ಗಡುವಿನೊಳಗೆ ಬೆರಳು ತಾಗದಿದ್ದರೆ ಬಾಗಿಲು ಮುಚ್ಚಿತೆಂದೇ ಲೆಕ್ಕ. ಓದುವುದಾಗಲಿ ಯೋಚಿಸುವುದಾಗಲಿ ಬೆರಳಿನ ಕಸುಬಲ್ಲವಾದ್ದರಿಂದ ಅವು ಕೆಲಸವೆನಿಸಿಕೊಳ್ಳುವುದಿಲ್ಲ. ಒಟಿಪಿ ನೋಡಲೆಂದು ಎಸ್‌ಎಂಎಸ್‌ಗೆ ಹೋಗಿ ಬಂದರಂತೂ ಕೆಲವು ಆ್ಯಪ್‌ಗಳು ಗಿರಾಕಿ ಪರಾರಿಯಾದನೆಂದೇ ತೀರ್ಮಾನಿಸುತ್ತವೆ. ಒಟಿಪಿ ಕಳಿಸಿದ್ದು ತಾವೇ ಎಂಬುದು ಅವುಗಳಿಗೆ ನೆನಪಿರುವುದಿಲ್ಲ.

ಸೋಮಾರಿತನವನ್ನು ಇಷ್ಟು ಬೇಗ ಪತ್ತೆಹಚ್ಚುವ ಸಂಸ್ಥೆ ನಾಡಿನಲ್ಲಿ ಮತ್ತೊಂದಿಲ್ಲವೆಂದು ಹೆಮ್ಮೆಪಡೋಣ. ಅದೇ ಬ್ಯಾಂಕಿನಲ್ಲಿ ಹಣವನ್ನಿಟ್ಟು ಮರೆತುಬಿಟ್ಟರೆ ಖಾತೆಯನ್ನು ನಿಷ್ಕ್ರಿಯವೆನ್ನಲು 2 ವರ್ಷ ಬೇಕು. 10 ವರ್ಷ ಕೇಳುವವರಿಲ್ಲದೆ ಬಿದ್ದಿದ್ದರೆ ಮಾತ್ರ ಆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಣಕ್ಕಿರುವ ಈ ವಿರಾಮ ಹಣದ ಒಡೆಯನಿಗಿಲ್ಲ. ಹಿಂದೆ ಕೌಂಟರಿನಲ್ಲಿ ಕೂರುತ್ತಿದ್ದ ಗುಮಾಸ್ತರು ಸಿಡುಕಿನವರೇ ಆಗಿದ್ದರೂ, ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆಯುವವರೆಗೆ ಪೆನ್ನು ಕೆಳಗಿಟ್ಟು ಕಾಯುತ್ತಿದ್ದರು. ‘ನಿಧಾನ ಅಮ್ಮಾ’ ಎಂದು ಹೇಳಿದ್ದನ್ನೂ ಕೇಳಿದ್ದೇನೆ. ನಡುವೆ ಕಾಫಿಗೆ ಎದ್ದುಹೋಗುತ್ತಿದ್ದರು ನಿಜ, ಆದರೆ ಬಂದ ಮೇಲೆ ಹೊಸ ಫಾರಂ ಕೊಟ್ಟು ಮೊದಲಿನಿಂದ ತುಂಬಿಸಿ ಎನ್ನುತ್ತಿರಲಿಲ್ಲ.

ಕಳೆದುಹೋದ ಫೋನಿನಿಂದ ಖಾತೆ ಕಳ್ಳನ ಕೈಸೇರಬಾರದೆಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಗಡುವು ಮುಗಿಯುವ ಮೊದಲು ಎಚ್ಚರಿಸಿ, ಇನ್ನಷ್ಟು ಸಮಯ ಬೇಕೆನ್ನಲು ಕನಿಷ್ಠ 20 ಸೆಕೆಂಡು ಕೊಡಬೇಕೆಂದು ಅಂಗವಿಕಲರಿಗೂ ವೃದ್ಧರಿಗೂ ಅನುಕೂಲವಾಗಲೆಂದು ರೂಪಿಸಿದ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಒಂದು ಗುಂಡಿ, ಒಂದು ಸಾಲು, ಅಷ್ಟೇ. ಅದನ್ನೂ ಹಾಕದೆ, ತುಂಬಿದ್ದನ್ನೆಲ್ಲ ಅಳಿಸಿ, ಕೈ ನಡುಗುವ ಎಪ್ಪತ್ತರ ಹಿರಿಯರನ್ನು ಮತ್ತೆ ಪಾಸ್‌ವರ್ಡಿನ ಮುಂದೆ ನಿಲ್ಲಿಸುವುದನ್ನು ಸುರಕ್ಷತೆ ಎಂದು ಕರೆಯಬೇಡಿ. ನನಗೆ ಸಾಕಾಗಿದೆ.

ಐದನೆಯ ಸಲ ನಾನೊಂದು ಉಪಾಯ ಮಾಡಿದೆ. ಬಲಗೈಯಲ್ಲಿ ಪಾಸ್‌ಬುಕ್ ಹಿಡಿದು ಓದುತ್ತ, ಎಡಗೈ ಹೆಬ್ಬೆರಳಿನಿಂದ ಪರದೆಯ ಖಾಲಿ ಜಾಗವನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟುತ್ತಲೇ ಇದ್ದೆ. ಆ ಖಾಲಿ ಜಾಗದಲ್ಲಿ ಯಾವಾಗಲೋ ಸಾಲದ ಜಾಹೀರಾತೊಂದು ಬಂದು ಕೂತಿತ್ತಂತೆ. ಹತ್ತು ನಿಮಿಷದೊಳಗೆ ಕರೆ ಬಂತು: ‘ಸರ್, ಪರ್ಸನಲ್ ಲೋನ್‌ಗೆ ಆಸಕ್ತಿ ತೋರಿಸಿದ್ದೀರಿ.’ ಬೇಡವೆಂದೆ. ‘ಪರವಾಗಿಲ್ಲ ಸರ್, ನಿಧಾನವಾಗಿ ಯೋಚನೆ ಮಾಡಿ ಹೇಳಿ’ ಎಂದರು.