ಟ್ಯಾಂಕ್ ಫುಲ್ ಅಂತೆ!

ತಲೆಗೆ ಶಾಂಪೂ, ಮೈಗೆಲ್ಲ ಸೋಪು, ಕೈಯಲ್ಲಿ ಖಾಲಿ ಚೊಂಬು. ನಲ್ಲಿ ಒಂದು ಸಲ ಕೆಮ್ಮಿತು, ನಾಲ್ಕು ಹನಿ ಉದುರಿಸಿತು, ಆಮೇಲೆ ಬರೀ ಗಾಳಿ. ಹೊರಗಡೆಯಿಂದ ಹೆಂಡತಿ ಫೋನ್ ನೋಡಿ ಕೂಗಿದಳು: "ರೀ, ಟ್ಯಾಂಕ್ ನೂರು ಪರ್ಸೆಂಟ್ ಫುಲ್ ಅಂತ ಮೆಸೇಜ್ ಬಂದಿದೆ!"

ಇದು ಇವತ್ತು ಬೆಳಿಗ್ಗೆ ನಡೆದದ್ದು. ಕಣ್ಣು ಇನ್ನೂ ಉರಿಯುತ್ತಿದೆ.

ಮೆಸೇಜು ಕಳಿಸಿದ್ದು ಮನುಷ್ಯರಲ್ಲ, ನಮ್ಮ ಬಿಲ್ಡಿಂಗಿನ ಟ್ಯಾಂಕು. ಟ್ಯಾಂಕಿಗೆ ಮಾತು ಕಲಿಸಿದ್ದು ನಮ್ಮ ಓನರ್ ಅಂಕಲ್. ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ರಿಟೈರ್ ಆದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ಗೀತೆ ಕ್ಲಾಸಿಗೆ ಹೋಗುತ್ತಾರೆ. ಇವರು ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಮಾಯವಾಗುತ್ತಾರೆ. ಸಂಜೆ ಬರುವಾಗ ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕವರ್. ಆ ಕವರ್ ನೋಡಿದರೆ ಬಿಲ್ಡಿಂಗಿನ ಬಾಡಿಗೆದಾರರೆಲ್ಲ ಒಂದು ಬಕೆಟ್ ನೀರು ಹಿಡಿದಿಟ್ಟುಕೊಳ್ಳುತ್ತೇವೆ.

ವ್ಯವಸ್ಥೆ ಹೀಗಿದೆ. ಟೆರೇಸಿನ ಟ್ಯಾಂಕಿನ ಮುಚ್ಚಳದ ಒಳಗಡೆ ಎರಡು ಕಣ್ಣಿನ ಒಂದು ಸೆನ್ಸರ್. ಅದು ನಮಗೆ ಕೇಳಿಸದ ಸದ್ದೊಂದನ್ನು ಕೆಳಗೆ ಬಿಡುತ್ತದೆ. ಸದ್ದು ನೀರಿಗೆ ತಾಗಿ ವಾಪಸ್ ಬರುತ್ತದೆ. ಹೋಗಿ ಬರೋಕೆ ಒಂದು ಮಿಲಿಸೆಕೆಂಡ್ ಹಿಡಿದರೆ ನೀರು 17 ಸೆಂಟಿಮೀಟರ್ ಕೆಳಗಿದೆ ಎಂದು ಲೆಕ್ಕ. ಬೇಗ ಬಂದರೆ ಟ್ಯಾಂಕ್ ಫುಲ್, ತಡವಾದರೆ ಖಾಲಿ. ಈ ಲೆಕ್ಕ ಹಾಕುವುದು ಆರ್ಡುಯಿನೊ ಎಂಬ ಅಂಗೈ ಅಗಲದ ಬೋರ್ಡು. ಖಾಲಿ ಅಂತ ಅನಿಸಿದರೆ ಅದು ರಿಲೇ ಎಂಬ ಸ್ವಿಚ್ಚನ್ನು ಒತ್ತುತ್ತದೆ, ಕೆಳಗೆ ಸಂಪಿನ ಹತ್ತಿರ ಮೋಟರ್ ಆನ್ ಆಗುತ್ತದೆ. ಪಕ್ಕದಲ್ಲಿ ಇನ್ನೊಂದು ಪುಟ್ಟ ವೈಫೈ ಚಿಪ್ಪು ನಮಗೆಲ್ಲ ಮೆಸೇಜು ಕಳಿಸುತ್ತದೆ. ವೈಫೈ ಯಾರದ್ದು? ನಮ್ಮದೇ. ನಾವು ಮೇಲಿನ ಮನೆಯವರು, ಸಿಗ್ನಲ್ ಚೆನ್ನಾಗಿ ಸಿಗುತ್ತೆ ಎಂದು ಅಂಕಲ್ ಪಾಸ್‌ವರ್ಡ್ ಇಸ್ಕೊಂಡರು. ಬಾಡಿಗೆ ಹೆಚ್ಚಿಸುವ ತಿಂಗಳು ಅದು. ಇಲ್ಲ ಅನ್ನೋಕೆ ಆಗುತ್ತಾ?

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನೀರು ಹೋಗುವುದು ಬೆಂಗಳೂರಿನಲ್ಲಿ ಸುದ್ದಿಯೇ ಅಲ್ಲ. ಕಷ್ಟ ಇರುವುದು ಅಂಕಲ್‌ಗೆ ಕಂಪ್ಲೇಂಟ್ ಮಾಡುವುದರಲ್ಲಿ. ಅವರು ಕಂಪ್ಲೇಂಟನ್ನು ಕಂಪ್ಲೇಂಟ್ ಅಂತ ತಗೊಳ್ಳುವುದೇ ಇಲ್ಲ. "ಒಳ್ಳೇ ಪಾಯಿಂಟು! ಇದು ಓಪನ್ ಸೋರ್ಸ್ ಹಾರ್ಡ್‌ವೇರ್ ಇವ್ರೇ, ನಕ್ಷೆ ಎಲ್ಲರಿಗೂ ಬಿಟ್ಟಿದ್ದು, ನೀವೂ ಇಂಪ್ರೂವ್ ಮಾಡಬಹುದು" ಎನ್ನುತ್ತಾರೆ. ನನಗೆ ಇಂಪ್ರೂವ್ ಮಾಡುವುದು ಬೇಕಿಲ್ಲ. ನನಗೆ ಎರಡು ಚೊಂಬು ನೀರು ಬೇಕು.

ಇವತ್ತೂ ಹಾಗೇ ಆಯಿತು. ಹೆಂಡತಿ ಫೋನ್ ಮಾಡಿದಳು. ಬೇರೆ ಓನರ್ ಆಗಿದ್ದರೆ "ನೋಡ್ತೀನಿ" ಅಂತ ಫೋನ್ ಇಡುತ್ತಿದ್ದರು. ಇವರು ಮಾತ್ರ ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದರು. ಬಂದವರು ಟೆರೇಸಿಗೆ ಹೋಗಬೇಕಿತ್ತು ಅಲ್ವಾ? ಸೀದಾ ನಮ್ಮ ಬಚ್ಚಲುಮನೆ ಬಾಗಿಲ ಹತ್ತಿರ ಬಂದು ನಿಂತರು.

"ಇವ್ರೇ, ಒಳಗಿದ್ದೀರಾ?"

ಎಲ್ಲಿಗೆ ಹೋಗಲಿ?

"ನೀರು ಸಡನ್ನಾಗಿ ನಿಂತಿತಾ, ನಿಧಾನಕ್ಕೆ ನಿಂತಿತಾ?"

"ಸಡನ್ನಾಗಿ ಅಂಕಲ್. ಸ್ವಲ್ಪ ಮೋಟರ್ ಹಾಕ್ತೀರಾ?"

"ಹಾಕೋಣ ಹಾಕೋಣ. ಮೊದಲು ಡೇಟಾ ಬೇಕಲ್ಲ."

ಆಂಟಿ ಕೆಳಗಿನಿಂದ "ಕೈಯಿಂದ ಸ್ವಿಚ್ ಹಾಕಿಬಿಡ್ಲಾ?" ಎಂದು ಕೂಗಿದರು. "ಬೇಡ ಬೇಡ, ಫಾಲ್ಟ್ ಹಾಗೇ ಇರಲಿ, ಆಮೇಲೆ ಸಿಗಲ್ಲ" ಎಂದರು ಅಂಕಲ್. ಫಾಲ್ಟ್ ಹಾಗೇ ಇತ್ತು. ನಾನೂ ಹಾಗೇ ಇದ್ದೆ. ಸೋಪು ಒಣಗಿ ಚರ್ಮ ಎಳೆಯೋಕೆ ಶುರುವಾಗಿತ್ತು.

ಆಮೇಲೆ ಅವರಿಗೆ ಬಾಗಿಲಾಚೆ ಇರುವವನು ಎಲ್ಲಿಗೂ ಓಡಿಹೋಗಲಾರ ಎಂಬುದು ಹೊಳೆಯಿತು ಅಂತ ಕಾಣುತ್ತದೆ. ಕಥೆ ಶುರು ಮಾಡಿದರು. ಈ ಕಥೆ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಬಾಯಿಪಾಠ. ಇಟಲಿಯಲ್ಲಿ ಇವ್ರೆಯಾ ಎಂಬ ಊರು. (ಮೊದಲ ಸಲ ಕೇಳಿದಾಗ ನನ್ನನ್ನೇ ಕರೆಯುತ್ತಿದ್ದಾರೆ ಅಂದುಕೊಂಡು "ಹೇಳಿ ಅಂಕಲ್" ಎಂದಿದ್ದೆ.) ಅಲ್ಲೊಂದು ಡಿಸೈನ್ ಕಾಲೇಜು. ಆಗ ಸಿಗುತ್ತಿದ್ದ ಬೋರ್ಡುಗಳು ವಿದ್ಯಾರ್ಥಿಗಳಿಗೆ ದುಬಾರಿ. 2005ರಲ್ಲಿ ಮಾಸ್ಸಿಮೊ ಬಾಂಜಿ ಎಂಬ ಮೇಷ್ಟ್ರು ಮತ್ತು ಜೊತೆಗಾರರು ಸೇರಿ ಅಗ್ಗದ ಬೋರ್ಡು ಮಾಡಿದರು. ಕಾಲೇಜೇ ಮುಚ್ಚುವ ಸ್ಥಿತಿಯಲ್ಲಿತ್ತು. ಮುಚ್ಚಿದರೆ ಕೆಲಸವೆಲ್ಲ ಮಣ್ಣುಪಾಲಾಗುತ್ತದೆ ಎಂದು ಬೋರ್ಡಿನ ನಕ್ಷೆಯನ್ನೇ ಊರಿಗೆಲ್ಲ ಹಂಚಿಬಿಟ್ಟರು. ಅವರು ಸಂಜೆ ಸೇರುತ್ತಿದ್ದ ಬಾರಿಗೆ ಆರ್ಡುಯಿನ್ ಎಂಬ ಹಳೇ ರಾಜನ ಹೆಸರಿತ್ತು. ಅದನ್ನೇ ಬೋರ್ಡಿಗೂ ಇಟ್ಟರು.

"1002ರಲ್ಲಿ ಇಟಲಿಗೆ ರಾಜನಾದವನು ಇವ್ರೇ! ಸಾವಿರ ವರ್ಷದ ಹೆಸರು ನಮ್ಮ ಟ್ಯಾಂಕಿನ ಮೇಲಿದೆ!"

ರಾಜ ಇದ್ದಾನೆ, ನೀರಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಓಪನ್ ಹಾರ್ಡ್‌ವೇರಿನಲ್ಲಿ ನಮಗೆ ಐದು ಹಕ್ಕು ಇವೆಯಂತೆ. ನಕ್ಷೆ ಓದಬಹುದು, ತಿದ್ದಬಹುದು, ಹಂಚಬಹುದು, ಅದನ್ನು ನೋಡಿ ವಸ್ತು ಮಾಡಬಹುದು, ಮಾಡಿದ್ದನ್ನು ಮಾರಬಹುದು. ಎಸ್.ಪಿ. ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಬೋರ್ಡು ಸಿಗುವುದು ಅದಕ್ಕೇ. "ಅದು ಡೂಪ್ಲಿಕೇಟ್ ಅಲ್ಲ, ಕ್ಲೋನ್. ನಕ್ಷೆ ಎಲ್ಲರದ್ದು, ಹೆಸರು ಮಾತ್ರ ಅವರದ್ದು." ಮಧ್ಯೆ ಜಪಾನೂ ಬಂತು. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ದುರಂತ ಆದಾಗ, ತಮ್ಮ ಬೀದಿಯಲ್ಲಿ ವಿಕಿರಣ ಎಷ್ಟಿದೆ ಅಂತ ಸರಿಯಾಗಿ ಹೇಳುವವರಿಲ್ಲದೆ ಜನ ಒದ್ದಾಡಿದರಂತೆ. ಆಗ ಸೇಫ್‌ಕಾಸ್ಟ್ ಎಂಬ ಗುಂಪಿನವರು ಅಳೆಯುವ ಯಂತ್ರವನ್ನು ತಾವೇ ಕಟ್ಟಿ, ಕಾರಿಗೆ ಸಿಕ್ಕಿಸಿ, ಊರೂರು ಸುತ್ತಿ ಮ್ಯಾಪು ಮಾಡಿದರು. ಒಳ್ಳೆಯ ಕೆಲಸ, ಒಪ್ಪಿದೆ. ಬೇರೆ ಹೊತ್ತಿನಲ್ಲಿ ಹೇಳಿದ್ದರೆ ಕೈಮುಗಿಯುತ್ತಿದ್ದೆ. ಒಂದು ಕಣ್ಣಿಗೆ ಶಾಂಪೂ ಇಳಿದವನಿಗೆ ಹೇಳುವ ವಿಷಯವೇ ಅದು?

ಕೊನೆಗೆ ಹೆಂಡತಿ ಫಿಲ್ಟರಿನ ಕುಡಿಯುವ ನೀರನ್ನು ತಪ್ಪಲೆಯಲ್ಲಿ ತಂದುಕೊಟ್ಟಳು. ಅದರಲ್ಲೇ ತೊಳೆದುಕೊಂಡು, ಟವೆಲ್ ಸುತ್ತಿಕೊಂಡು ಟೆರೇಸಿಗೆ ಹೋದೆ. ಅಂಕಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನಿಂತಿದ್ದರು.

ಹಲ್ಲಿ.

ಸೆನ್ಸರಿನ ಎರಡು ಕಣ್ಣಿನ ಎದುರಿಗೆ ಒಂದು ದಪ್ಪ ಹಲ್ಲಿ ಆರಾಮಾಗಿ ಅಂಟಿಕೊಂಡಿತ್ತು. ಸೆನ್ಸರ್ ಸದ್ದು ಬಿಟ್ಟಾಗೆಲ್ಲ ಅದು ಹಲ್ಲಿಗೆ ತಾಗಿ ತಕ್ಷಣ ವಾಪಸ್. ನೀರು ಐದು ಸೆಂಟಿಮೀಟರ್ ಕೆಳಗೇ ಇದೆ, ಟ್ಯಾಂಕ್ ಫುಲ್, ಮೋಟರ್ ಬೇಡ. ಕಾವೇರಿ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಬರುತ್ತಾಳೆ. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಗಳಲ್ಲಿ ದೈತ್ಯ ಪಂಪುಗಳು ಅವಳನ್ನು ಎತ್ತಿ ಎತ್ತಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತವೆ. ಅಷ್ಟೆಲ್ಲ ಆಗಿ ನಮ್ಮ ಸಂಪಿಗೆ ಬಂದು ಬಿದ್ದವಳಿಗೆ ಇನ್ನು ಮೂರು ಮಹಡಿ ಹತ್ತೋಕೆ ಹಲ್ಲಿಯ ಪರ್ಮಿಷನ್ ಬೇಕಾಯಿತು.

ನಮ್ಮ ಅಜ್ಜಿ ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ "ನೋಡು, ಸತ್ಯ" ಎಂದು ನೆಲಕ್ಕೆ ಬೆರಳು ಬಡಿಯುತ್ತಿದ್ದಳು. ಈ ಹಲ್ಲಿ ಬಾಯಿಯನ್ನೇ ಬಿಡದೆ ಇಡೀ ಬಿಲ್ಡಿಂಗಿಗೆ ಸುಳ್ಳು ಹೇಳಿತು.

ಅಂಕಲ್ ಮುಖದಲ್ಲಿ ಬೇಸರ ಇತ್ತೇ? ಖುಷಿ! "ಒಂದು ಗಂಟೆ ಹಿಂದೆ 80 ಸೆಂಟಿಮೀಟರ್, ಈಗ ಮೋಟರ್ ಓಡದೆಯೇ ಐದು. ಹಾಗಾಗೋಕೆ ಸಾಧ್ಯವೇ ಇಲ್ಲ. ಅಂದರೆ ಅದು ನೀರಲ್ಲ, ಹಲ್ಲಿ! ಕೋಡಿನಲ್ಲಿ ಒಂದು ಹಲ್ಲಿ ಚೆಕ್ ಹಾಕಬೇಕು." ಅಲ್ಲೇ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಹಲ್ಲಿಯನ್ನು ಓಡಿಸಿದ್ದು ನಾನು, ಟವೆಲ್ ಒಂದು ಕೈಯಲ್ಲಿ ಹಿಡಿದುಕೊಂಡು, ಪೊರಕೆ ಇನ್ನೊಂದು ಕೈಯಲ್ಲಿ.

ಇದಕ್ಕೂ ಮುಂಚೆ ಆದದ್ದು ಹೇಳುತ್ತಾ ಹೋದರೆ ದೊಡ್ಡ ಪುರಾಣ. ಮೊದಲು ಸೆನ್ಸರಿಗೆ ಹಿಡಿಕೆಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿ ತಂದಿದ್ದರು. ಆ ಪ್ರಿಂಟರಿನದೂ ಇಂಥದೇ ಕಥೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ತನ್ನ ಭಾಗಗಳನ್ನು ತಾನೇ ಮಾಡಿಕೊಳ್ಳುವ ಪ್ರಿಂಟರಿನ ನಕ್ಷೆಯನ್ನು ಹಂಚಿದ್ದರಿಂದ ಅದು ಗಲ್ಲಿ ಅಂಗಡಿಗೂ ಬಂತು. ಆದರೆ ಅದಕ್ಕೆ ಹಾಕುವ ಸಾಮಾನ್ಯ ಪ್ಲಾಸ್ಟಿಕ್ಕು 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕರೀ ಟ್ಯಾಂಕಿನ ಮೇಲೆ ಹಿಡಿಕೆ ಜೋತುಬಿತ್ತು, ಸೆನ್ಸರ್ ಗೋಡೆ ನೋಡಿಕೊಂಡು ಕೂತಿತು. ಆಮೇಲೆ ನೀರು ತಾಗಿದರೂ ಕೆಡದ ಬೇರೆ ಸೆನ್ಸರ್ ಬಂತು. ಅದಕ್ಕೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದೇ ಇಲ್ಲ. ನೀರು ಹತ್ತಿರ ಬಂದಷ್ಟೂ ಅದು ಕುರುಡು. ಟೆರೇಸೆಲ್ಲ ಕೆರೆಯಾಗಿ, ನಮ್ಮ ಹಪ್ಪಳ ತೇಲಿಹೋಯಿತು. ಟ್ಯಾಂಕ್ ತುಂಬಿದ್ದು ತಿಳಿಯಲಿ ಎಂದು ಬಝರಿಗೆ ದೇವರನಾಮ ಹಾಕಿದ್ದೂ ಆಯಿತು. ಸೊಳ್ಳೆಗೆ ಸಂಗೀತ ಕಲಿಸಿ ಬೆಳಗಿನ ಜಾವ ನಾಲ್ಕೂವರೆಗೆ ಕಛೇರಿಗೆ ಕೂರಿಸಿದ ಹಾಗಿತ್ತು. ಆಂಟಿಯೇ ವೈರು ಕಿತ್ತರು.

ಇಷ್ಟೆಲ್ಲ ಬೈದರೂ ಒಂದು ವಿಷಯಕ್ಕೆ ಅಂಕಲ್ ಎದುರು ನನ್ನ ಬಾಯಿ ಕಟ್ಟುತ್ತದೆ. ಹೋದ ವರ್ಷ ನಮ್ಮ ವಾಷಿಂಗ್ ಮಷಿನ್ ಕೆಟ್ಟಿತು. ಬಂದ ಹುಡುಗ ನೋಡಿ "ಬೋರ್ಡ್ ಹೋಗಿದೆ ಸಾರ್, ಹೊಸದೇ ಹಾಕಬೇಕು" ಎಂದ. ಬೋರ್ಡಿನಲ್ಲಿ ಏನು ಹೋಗಿದೆ ಎಂದು ಕೇಳಿದೆ. ಪಾಪ, ಅವನಿಗೂ ಗೊತ್ತಿಲ್ಲ. ತೇವ ತಾಗಬಾರದು ಅಂತ ಬೋರ್ಡಿನ ಮೇಲೆಲ್ಲ ಅಂಟಿನಂಥದ್ದು ಸುರಿದು ಗಟ್ಟಿ ಮಾಡಿದ್ದರು. ನಕ್ಷೆ ಅವನ ಹತ್ತಿರವೂ ಇಲ್ಲ, ಯಾರೂ ಕೊಡುವುದೂ ಇಲ್ಲ. ನಮ್ಮ ಅಪ್ಪನ ವಾಲ್ವ್ ರೇಡಿಯೊದ ಹಿಂದಿನ ರಟ್ಟು ತೆಗೆದರೆ ಒಳಗೆ ಸರ್ಕ್ಯೂಟಿನ ಹಾಳೆ ಅಂಟಿಸಿರುತ್ತಿತ್ತು. ರಿಪೇರಿಯವನು ಅದರ ಮೇಲೆ ಬೆರಳಾಡಿಸುತ್ತಾ ಒಂದೊಂದೇ ಕಡೆ ಮುಟ್ಟಿ ನೋಡುತ್ತಿದ್ದ. ಅಪ್ಪ ಪಕ್ಕದಲ್ಲಿ ನಿಂತು ಎಲ್ಲ ಅರ್ಥವಾದವರ ಹಾಗೆ ತಲೆ ಆಡಿಸುತ್ತಿದ್ದರು. ಆ ಹಾಳೆ ಮಾಸಿ ಹೋಗಿದ್ದರೂ ಹಾಗೇ ಇತ್ತು. ರೇಡಿಯೊವನ್ನು ಗುಜರಿಗೆ ಹಾಕಿದಾಗ ಅದೂ ಹೋಯಿತು. ಅಂಕಲ್ ನಮ್ಮ ಟೆರೇಸ್ ಬಾಗಿಲ ಹಿಂದೆ ಟ್ಯಾಂಕಿನ ಸರ್ಕ್ಯೂಟನ್ನು ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ ನೇತುಹಾಕಿದ್ದಾರೆ. ಬಟ್ಟೆ ಒಣಗಿಸೋಕೆ ಹೋದಾಗ ಒಮ್ಮೊಮ್ಮೆ ಅದರ ಮುಂದೆ ನಿಲ್ಲುತ್ತೇನೆ. ಎಲ್ಲ ಅರ್ಥವಾದವರ ಹಾಗೆ.

ನಮ್ಮ ಪ್ಲಂಬರ್ ಮಾದೇವನಿಗೆ ಮಾತ್ರ ಈ ಮೋಹ ಯಾವುದೂ ಇಲ್ಲ. ಅವನು ಮೊದಲ ದಿನವೇ ಹೇಳಿದ್ದ: "ಸಾರ್, ಒಂದು ಬಾಲ್ ಹಾಕಿಬಿಡಿ. ನೀರು ಏರಿದರೆ ಬಾಲ್ ಏರುತ್ತೆ, ಮೋಟರ್ ಆಫ್. ಇಳಿದರೆ ಆನ್." ಫ್ಲೋಟ್ ಸ್ವಿಚ್ಚು. ಅಂಕಲ್ ಅವನನ್ನು ಕರುಣೆಯಿಂದ ನೋಡಿ, "ಬಾಲಿಗೆ ಪರ್ಸೆಂಟೇಜ್ ಹೇಳೋಕೆ ಬರುತ್ತೇನಪ್ಪಾ?" ಎಂದಿದ್ದರು. ನಮಗೆ ಪರ್ಸೆಂಟೇಜ್ ಕೇಳಿದವರು ಯಾರು?

ಆದರೆ ಅದೇ ಮಾದೇವ ದೀಪಾವಳಿಗೆ ಊರಿಗೆ ಹೋಗುವಾಗ ಅಂಕಲ್ ಹತ್ತಿರ ಬಂದು ನಿಂತ. ಅವನ ಊರಿನಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೋ ಗೊತ್ತಿಲ್ಲ. ಬಂದಾಗ ಅವನ ಅಪ್ಪ ಟಾರ್ಚ್ ಹಿಡಿದು ಕತ್ತಲಲ್ಲಿ ತೋಟದ ಪಂಪ್‌ಸೆಟ್ಟಿನವರೆಗೆ ನಡೆದುಹೋಗಬೇಕು. ವಯಸ್ಸಾಗಿದೆ, ಹಾವಿನ ಭಯ ಬೇರೆ. "ಕರೆಂಟು ಬಂದ ತಕ್ಷಣ ತಾನೇ ಆನ್ ಆಗೋ ಹಾಗೆ ಮಾಡಬಹುದಾ ಸಾರ್? ಡ್ರಾಯಿಂಗ್ ಕೊಟ್ಟರೆ ಸಾಕು, ನಮ್ಮೂರಲ್ಲಿ ಐಟಿಐ ಮಾಡಿದ ಹುಡುಗ ಇದ್ದಾನೆ." ಅವತ್ತು ಅಂಕಲ್ ಇಟಲಿಗೆ ಹೋಗಲೇ ಇಲ್ಲ. ಮೋಟರ್ ಎಷ್ಟು ಎಚ್.ಪಿ., ಸ್ಟಾರ್ಟರ್ ಯಾವುದು, ತೊಟ್ಟಿ ಎಷ್ಟು ದೂರ ಅಂತ ಕೇಳಿ ರಾತ್ರಿ ಕೂತು ಬರೆದುಕೊಟ್ಟರು. ಮೂರರಲ್ಲಿ ಒಂದು ಫೇಸ್ ಇಲ್ಲದಿದ್ದರೆ ಮೋಟರ್ ಸುಟ್ಟುಹೋಗುತ್ತೆ, ಅದನ್ನು ಮೊದಲು ನೋಡಬೇಕು ಅಂತ ಕೆಂಪು ಇಂಕಿನಲ್ಲಿ ಗೆರೆ ಎಳೆದರು. ಬೋರ್ಡನ್ನೂ ದುಡ್ಡು ತಗೊಳ್ಳದೆ ಕೊಟ್ಟರು.

ಅದು ಅಲ್ಲಿ ಇವತ್ತಿಗೂ ಓಡುತ್ತಿದೆ. ಐಟಿಐ ಹುಡುಗ ಅದನ್ನು ಸ್ವಲ್ಪ ಬದಲಾಯಿಸಿ, ಬದಲಾಯಿಸಿದ ಡ್ರಾಯಿಂಗನ್ನು ಮಾದೇವನ ಕೈಯಲ್ಲಿ ವಾಪಸ್ ಕಳಿಸಿದ್ದಾನೆ. ಅಂಕಲ್ ಅದನ್ನು ಬಿಲ್ಡಿಂಗಿನವರಿಗೆಲ್ಲ ತೋರಿಸಿದರು. "ನೋಡಿ ಇವ್ರೇ, ಓಪನ್ ಹಾರ್ಡ್‌ವೇರ್ ಅಂದರೆ ಇದು! ನಾವು ಕೊಟ್ಟೆವು, ಅವರು ಇಂಪ್ರೂವ್ ಮಾಡಿ ನಮಗೇ ಕೊಟ್ಟರು!" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಹಾಳೆಯನ್ನು ನಾನೂ ನೋಡಿದ್ದೇನೆ. ಅಂಕಲ್ ಬರೆದ ಸೆನ್ಸರಿನ ಜಾಗದಲ್ಲಿ ಆ ಹುಡುಗ ಕಾಟು ಹಾಕಿ, ಒಂದು ಗುಂಡಗಿನ ಬಾಲ್ ಬರೆದಿದ್ದಾನೆ.

ಇವತ್ತು ಹಲ್ಲಿ ಓಡಿಸಿದ ಮೇಲೆ, ಟವೆಲ್ಲಿನಲ್ಲೇ ನಿಂತು, ಮೆಲ್ಲಗೆ ಕೇಳಿದೆ: "ಅಂಕಲ್, ಮಾದೇವನ ಊರಿನ ಸರ್ಕ್ಯೂಟ್ ಅಷ್ಟು ಚೆನ್ನಾಗಿದೆಯಲ್ಲ, ನಮಗೂ ಅದನ್ನೇ ಹಾಕಿಬಿಡೋಣವಾ?"

ಅಂಕಲ್ ಚೀಟಿಯಿಂದ ತಲೆ ಎತ್ತಿದರು. ಮುಖ ಹುಳ್ಳಗಾಯಿತು.

"ಛೆ ಛೆ, ಅದರಲ್ಲಿ ಬಾಲ್ ಇದೆಯಲ್ಲ ಇವ್ರೇ."