ಯುದ್ಧೋಪಾದಿಯಲ್ಲಿ ಒಂದು ಗುಂಡಿ

ನಮ್ಮೂರ ಬಸ್ ಸ್ಟಾಪ್ ಎದುರಿನ ಗುಂಡಿಗೆ ಈ ಜೂನ್‌ಗೆ ಮೂರು ವರ್ಷ ತುಂಬಿತು. ಮನುಷ್ಯರ ಮಗುವಾಗಿದ್ದರೆ ಅಂಗನವಾಡಿಗೆ ಸೇರಿಸಬಹುದಿತ್ತು. ಸಕಲೇಶಪುರದ ಕಡೆಯ ಮಳೆ ಕುಡಿದು ಚೆನ್ನಾಗಿ ಬೆಳೆದಿದೆ. ಅದನ್ನು ಮುಚ್ಚುವ ಮಾತು ಬಂದಾಗಲೆಲ್ಲ ಒಂದೇ ಶಬ್ದ ಕೇಳುತ್ತದೆ: ‘ಯುದ್ಧೋಪಾದಿಯಲ್ಲಿ’. ಈ ಶಬ್ದವನ್ನು ಯುದ್ಧಕ್ಕೆ ಬಳಸಿದ್ದನ್ನು ನಾನಂತೂ ಕಂಡಿಲ್ಲ. ಚರಂಡಿ ಹೂಳು, ಬೀದಿದೀಪ, ಘಾಟಿಯಲ್ಲಿ ಕುಸಿದ ಮಣ್ಣು, ಇವಕ್ಕೇ ಮೀಸಲು.

ಈ ಶಬ್ದ ಕೇಳಿದರೆ ನಮ್ಮ ಪಕ್ಕದ ಮನೆಯ ಸುಬೇದಾರ್ ಮಾವನಿಗೆ ಮೈ ಉರಿಯುತ್ತದೆ. ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದವರು. ಸೈನ್ಯಕ್ಕೆ ರೇಷನ್ನು, ಎಣ್ಣೆ ತಲುಪಿಸುವ ಕೆಲಸ. “ಬಂದೂಕು ಹಿಡಿದಿದ್ದಕ್ಕಿಂತ ತಕ್ಕಡಿ ಹಿಡಿದಿದ್ದೇ ಜಾಸ್ತಿ ಕಣಪ್ಪಾ” ಅನ್ನುತ್ತಾರೆ. “ಯುದ್ಧ ಅಂದ್ರೆ ಕೂಗಾಟ ಅಂದ್ಕೊಂಡಿದಾರೆ ಇವ್ರು. ಯುದ್ಧ ಅಂದ್ರೆ ಲೆಕ್ಕ.”

ಮಾವ ಹೇಳುವುದು ಸುಳ್ಳಲ್ಲ. 1941-42ರ ಚಳಿಗಾಲದಲ್ಲಿ ಜರ್ಮನ್ನರು ಲೆನಿನ್‌ಗ್ರಾಡ್ ನಗರವನ್ನು ಸುತ್ತುಗಟ್ಟಿದ್ದಾಗ, ಊಟದ ಸಾಮಾನು ಹೊತ್ತ ಲಾರಿಗಳು ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ಓಡಬೇಕಾಯಿತು. ಮಂಜುಗಡ್ಡೆ ಎಷ್ಟು ದಪ್ಪ ಇದೆ, ಚಳಿ ಎಷ್ಟಿದೆ ಅಂತ ನೋಡಿ ಲಾರಿ ಲಾರಿಗೂ ನಡುವೆ ಎಷ್ಟು ಅಂತರ ಇರಬೇಕು ಅಂತ ಲೆಕ್ಕ ಹಾಕಿಕೊಟ್ಟವರು ಕಾಂಟೊರೊವಿಚ್ ಎಂಬ ಗಣಿತಜ್ಞ. ಮುಂದೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು ಅವರಿಗೆ. ನೀರಿನ ಮೇಲೆ ರಸ್ತೆ ಮಾಡಿದ್ದು ಅವರು. ರಸ್ತೆಯ ಮೇಲೆ ನೀರು ಮಾಡಿದ್ದು ನಾವು.

1948ರಲ್ಲಿ ಪಶ್ಚಿಮ ಬರ್ಲಿನ್‌ಗೆ ಹೋಗುವ ನೆಲದ, ನೀರಿನ ದಾರಿಗಳನ್ನೆಲ್ಲ ರಷ್ಯನ್ನರು ಮುಚ್ಚಿದಾಗ ಇನ್ನೊಂದು ಕಥೆ. ಅಮೆರಿಕ, ಬ್ರಿಟನ್ ಸೇರಿ ಹಿಟ್ಟು, ಹಾಲಿನಪುಡಿ ಅಷ್ಟೇ ಅಲ್ಲ, ಕಲ್ಲಿದ್ದಲನ್ನೂ ವಿಮಾನದಲ್ಲಿ ಹೊತ್ತವು. ಒಂದು ವರ್ಷ ದಾಟುವಷ್ಟರಲ್ಲಿ ಸುಮಾರು 23 ಲಕ್ಷ ಟನ್. ನಮ್ಮ ಗುಂಡಿಗೆ ಬೇಕಾಗಿದ್ದು ಎರಡು ಟ್ರ್ಯಾಕ್ಟರ್ ಜಲ್ಲಿ, ಒಂದಿಷ್ಟು ಡಾಂಬರು, ಒಂದು ರೋಲರ್. ಕ್ರಷರ್ ಇರುವುದು ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ. ಮಧ್ಯೆ ಶತ್ರು ಸೈನ್ಯ ಇಲ್ಲ.

ಮೊದಲ ವರ್ಷ ಜಲ್ಲಿ ಬಂತು, ಡಾಂಬರು ಬರಲಿಲ್ಲ. ಎರಡನೇ ವರ್ಷ ಡಾಂಬರಿನ ಡ್ರಮ್ಮು ಬಂತು. ಅಷ್ಟು ಹೊತ್ತಿಗೆ ಅರ್ಧ ಜಲ್ಲಿ ಮೂರು ಮನೆಗಳ ಅಂಗಳ ಸೇರಿತ್ತು. (ಒಂದು ಮನೆ ನಮ್ಮದು, ಸುಳ್ಳು ಯಾಕೆ ಹೇಳಲಿ.) ರೋಲರ್ ಬೇರೆ ತಾಲೂಕಿನಲ್ಲಿತ್ತು. ಉಳಿದ ಜಲ್ಲಿರಾಶಿಯ ತುದಿಯಲ್ಲಿ ಈಗ ಒಂದು ಆಡು ನಿಂತು, ಬಸ್ಸು ಬಂತಾ ಅಂತ ನೋಡುತ್ತಿರುತ್ತದೆ. ಡ್ರಮ್ಮಿನ ಮೇಲೆ ಅಂಗಡಿ ಸರೋಜಕ್ಕ ಹಪ್ಪಳ ಒಣಗಿಸುತ್ತಾರೆ.

ಹಾಗಂತ ನಮ್ಮವರಿಗೆ ಸಾಮಾನು ಹೊಂದಿಸಲು ಬರುವುದಿಲ್ಲ ಅನ್ನಬೇಡಿ. ಹೋದ ಫೆಬ್ರವರಿಯಲ್ಲಿ ಗುದ್ದಲಿ ಪೂಜೆ ಆಯಿತು. ಬೆಳಗ್ಗೆ ಆರಕ್ಕೆ ಶಾಮಿಯಾನ ಬಂತು. ಏಳಕ್ಕೆ ನೂರಿಪ್ಪತ್ತು ಕುರ್ಚಿ. ಎಂಟಕ್ಕೆ ಕೇಸರಿಬಾತ್, ಉಪ್ಪಿಟ್ಟು, ಬಿಸಿ ಆರುವ ಮೊದಲೇ. ಹತ್ತು ಶಾಲು, ಹತ್ತು ಪೇಟ, ಹತ್ತು ಹಾರ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿಯಾಗಿತ್ತು. ಶಾಮಿಯಾನದ ಹುಡುಗರು ನಡುಗಂಬಕ್ಕೆ ಜಾಗ ಹುಡುಕಿದರು. ಡಾಂಬರು ಅಗೆಯುವುದು ಕಷ್ಟ ಅಲ್ವಾ, ಗುಂಡಿಯಲ್ಲೇ ಕಂಬ ಇಳಿಸಿದರು. ಎಷ್ಟು ಹದವಾಗಿ ಕೂತಿತು ಅಂದರೆ ಮೇಸ್ತ್ರಿ ಹಿಂದೆ ಸರಿದು ನಿಂತು ಮೆಚ್ಚಿಕೊಂಡ. ಗುಂಡಿ ಮುಚ್ಚುವ ಭಾಷಣವನ್ನು ಗುಂಡಿಯೇ ಎತ್ತಿ ಹಿಡಿದಿತ್ತು.

ಅಮೆರಿಕದ ವಾಯುಪಡೆಯಲ್ಲಿ ‘ಪ್ರೋಗ್ರಾಮ್’ ಅಂದರೆ ಯಾವ ತುಕಡಿ, ಯಾವ ಸಾಮಾನು, ಯಾವಾಗ, ಎಲ್ಲಿಗೆ ಎಂಬ ಯೋಜನೆ. ಅದಕ್ಕೆ ಲೆಕ್ಕದ ದಾರಿ ಹುಡುಕುತ್ತಿದ್ದ ಜಾರ್ಜ್ ಡಾಂಟ್‌ಜಿಗ್ ಎಂಬ ಗಣಿತಜ್ಞ, ಇರುವ ಮಿತಿಯೊಳಗೇ ಗುರಿಗೆ ಅತಿ ಒಳ್ಳೆಯ ಉತ್ತರ ಹುಡುಕುವ ಸಿಂಪ್ಲೆಕ್ಸ್ ವಿಧಾನವನ್ನು 1947ರಲ್ಲಿ ಕಂಡುಹಿಡಿದರು. ಇಂಥ ಲೆಕ್ಕಕ್ಕಿರುವ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುವ ಹೆಸರಿನಲ್ಲಿರುವುದು ಆ ಪ್ರೋಗ್ರಾಮೇ, ಕಂಪ್ಯೂಟರಿನದ್ದಲ್ಲ. ನಮ್ಮಲ್ಲಿ ಪ್ರೋಗ್ರಾಮ್ ಅಂದರೆ ಶಾಮಿಯಾನ.

ಡಾಂಟ್‌ಜಿಗ್ ಅವರ ಇನ್ನೊಂದು ಕಥೆ ಓದಿದ ಮೇಲೆ ನನಗೆ ನಮ್ಮ ಗುಂಡಿಯ ಗುಟ್ಟು ತಿಳಿಯಿತು. 1950ರ ದಶಕದಲ್ಲಿ ಡಾಕ್ಟರು ತೂಕ ಇಳಿಸಿ ಅಂದರಂತೆ. ಇವರು ಕಂಪ್ಯೂಟರಿಗೇ ಪಥ್ಯ ಕೇಳಿದರು. ಹೊಟ್ಟೆ ತುಂಬಿದ ಹಾಗೆ ಅನ್ನಿಸಬೇಕು ಅನ್ನುವುದೇ ಗುರಿ. ಅದನ್ನು ಅಳೆಯುವುದು ಹೇಗೆ? ಆಹಾರದ ತೂಕದಲ್ಲಿ ನೀರಿನ ತೂಕ ಕಳೆದರೆ ಉಳಿಯುವಷ್ಟು. ಕಂಪ್ಯೂಟರ್ ಬರೆದುಕೊಟ್ಟ ಪಥ್ಯದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು. ಹತ್ತಿರ ಹತ್ತಿರ 1,900 ಲೀಟರ್! ಪಟ್ಟಿಯಲ್ಲಿ ವಿನೆಗರ್‌ಗೆ ನೀರಿನ ಅಂಶ ಸೊನ್ನೆ ಅಂತ ಬಿದ್ದಿತ್ತು. ವಿನೆಗರ್ ತೆಗೆದುಹಾಕಿದರು. ಮಾರನೇ ಸಲ ದಿನಕ್ಕೆ 200 ಸೂಪ್ ಕ್ಯೂಬ್ ಅಂತ ಬಂತು.

ಕಂಪ್ಯೂಟರ್ ತಪ್ಪು ಮಾಡಲಿಲ್ಲ ನೋಡಿ. ಹೇಳಿದ ಗುರಿಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ನಾವೂ ಇಷ್ಟು ದಿನ ಗುಂಡಿ ಮುಚ್ಚುವುದೇ ಗುರಿ ಅಂದುಕೊಂಡು ಸುಮ್ನೆ ಬೈಯುತ್ತಿದ್ದೆವು. ಗುರಿ ಮಾರ್ಚ್ 31ರೊಳಗೆ ಬಿಲ್ಲು ಪಾಸಾಗುವುದು ಅಂತ ಇಟ್ಟುಕೊಂಡು ಲೆಕ್ಕ ಮಾಡಿ. ಎಲ್ಲ ಸರಿಹೋಗುತ್ತದೆ. ಜಲ್ಲಿ ಒಂದು ವರ್ಷ, ಡಾಂಬರು ಇನ್ನೊಂದು ವರ್ಷ ಬಂದರೆ ಎರಡು ಬಿಲ್ಲು. ಡಾಂಬರು ಹಾಕಿದ ಮೇಲೆ ಪೈಪಿಗೆ ಅಗೆದರೆ ಮೂರನೆಯದು. ಜೂನ್ ಮಳೆಗೆ ಎದ್ದುಹೋದರೆ ನಾಲ್ಕನೆಯದಕ್ಕೆ ಕಾರಣ ತಾನಾಗಿಯೇ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಉತ್ತರ ಡಾಂಟ್‌ಜಿಗ್ ಬಂದರೂ ಕೊಡಲಾರರು. ಅದೂ ಕಂಪ್ಯೂಟರ್ ಇಲ್ಲದೆ, ಪೆನ್ಸಿಲ್ಲಿನಲ್ಲಿ.

ಇದನ್ನು ಸುಬೇದಾರ್ ಮಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಅಹವಾಲು ಸಭೆಗೆ ಹೋಗೋಣ ಬಾ ಅಂತ ಎಳೆದುಕೊಂಡು ಹೋದರು. ಅಲ್ಲಿ ಗೋಡೆ ಮೇಲೊಂದು ನಕ್ಷೆ. ಎಲ್ಲೆಲ್ಲಿಂದ ರಸ್ತೆಯ ದೂರು ಬಂದಿದೆಯೋ ಅಲ್ಲೆಲ್ಲ ಕೆಂಪು ಚುಕ್ಕಿ. ಪೇಟೆ ಸುತ್ತ ಚುಕ್ಕಿಯೋ ಚುಕ್ಕಿ. ಘಾಟಿಯ ಅಂಚಿನ ಹಳ್ಳಿಗಳ ಕಡೆ ಒಂದೂ ಇಲ್ಲ. “ಆ ಕಡೆ ಸಮಸ್ಯೆ ಇಲ್ಲ ಸಾರ್” ಅಂದರು ಅಲ್ಲಿದ್ದವರು.

ಎರಡನೇ ಮಹಾಯುದ್ಧದಲ್ಲಿ ಇದೇ ಥರದ ಪ್ರಶ್ನೆಯನ್ನು ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಬಿಡಿಸಿದ್ದರು. ವಾಪಸ್ ಬಂದ ವಿಮಾನಗಳಿಗೆ ಗುಂಡು ಬಿದ್ದ ಜಾಗದ ಲೆಕ್ಕ. ರೆಕ್ಕೆ, ಒಡಲಿನ ಮೇಲೆ ತೂತು ಜಾಸ್ತಿ, ಇಂಜಿನ್ನಿನ ಮೇಲೆ ಕಡಿಮೆ. ಹಾಗಾದರೆ ಇಂಜಿನ್ನಿಗೇ ರಕ್ಷಣೆ ಬೇಕು ಅನ್ನುವುದು ಅವರ ಲೆಕ್ಕದ ತಿರುಳು. ಇಂಜಿನ್ನಿಗೆ ಪೆಟ್ಟು ಬಿದ್ದವುಗಳಲ್ಲಿ ಹೆಚ್ಚಿನವು ವಾಪಸ್ಸೇ ಬಂದಿರಲಿಲ್ಲವಲ್ಲ. (ಪಾಪ, ವಾಲ್ಡ್ ತೀರಿಕೊಂಡದ್ದು ನಮ್ಮ ಪಕ್ಕದ ನೀಲಗಿರಿಯಲ್ಲೇ, 1950ರ ವಿಮಾನ ಅಪಘಾತದಲ್ಲಿ.) ಘಾಟಿ ಅಂಚಿನವರು ದೂರು ಕೊಡಲು ಬರಬೇಕಾದರೂ ಅದೇ ರಸ್ತೆಯಲ್ಲಿ ಬರಬೇಕು. ಇದನ್ನು ಮಾವ ಎದ್ದು ನಿಂತು ಹೇಳಿದರು. ಅಲ್ಲಿದ್ದವರು ತಲೆಯಾಡಿಸಿ, ಡೈರಿಯಲ್ಲಿ ಬರೆದುಕೊಂಡು, ಯುದ್ಧೋಪಾದಿಯಲ್ಲಿ ಪರಿಶೀಲಿಸುತ್ತೇವೆ ಅಂದರು.

ಹೋದ ವಾರ ರೋಲರ್ ಬಂತು! ಇಡೀ ಊರು ಬಸ್ ಸ್ಟಾಪಿಗೆ ಬಂದು ನಿಂತಿತು. ಆಡು ರಾಶಿಯಿಂದ ಇಳಿದು ಜಾಗ ಬಿಟ್ಟಿತು. ಡ್ರೈವರ್ ಇಳಿದು ಸುತ್ತ ನೋಡಿದ.

“ಡಾಂಬರು ಎಲ್ಲಿ ಸಾರ್?”

ಸರೋಜಕ್ಕ ಹಪ್ಪಳ ಎತ್ತಿಕೊಂಡು ಡ್ರಮ್ಮು ತಟ್ಟಿದರು. ಖಾಲಿ ಸದ್ದು. ಡಾಂಬರನ್ನು ತುರ್ತು ಅಂತ ಆಲೂರಿನ ಕಡೆ ಸಾಗಿಸಿ ತಿಂಗಳಾಗಿತ್ತಂತೆ. ಮಾವ ಡ್ರೈವರಿಗೆ ಕಾಫಿ ಕೊಡಿಸಿದರು. ರೋಲರ್ ಈಗ ನಮ್ಮ ಹಲಸಿನ ಮರದ ಕೆಳಗೆ ನಿಂತಿದೆ. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದೆ. ದಿನಕ್ಕೆ ಎರಡು ಸಲ ಡ್ರೈವರಿನ ಫೋನು ಬಡಿದುಕೊಳ್ಳುತ್ತದೆ. ಆಲೂರಿನ ಕಡೆಯವರದು. ಡಾಂಬರು ಕಾಯಿಸಿ ಕೂತಿದ್ದೇವೆ, ರೋಲರ್ ಎಲ್ಲಿ ಅಂತ ಕೇಳುತ್ತಿದ್ದಾರೆ.